ಸೊಪ್ಪಿನ ಕಲ್ಲಿನ ದಾರಿ

ದೆವ್ವ, ಶಕುನ, ಹರಕೆ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆ ಎಂದು ಹೇಳಲೂ ನಾಲಿಗೆ ಏಳುವುದಿಲ್ಲ. ಗುಬ್ಬಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು ನಾನು. ಎರಡಕ್ಕೆ ಎರಡು ಸೇರಿದರೆ ನಾಲ್ಕು, ಅದಕ್ಕೆ ಮಂತ್ರ ಬೇಕಾಗಿಲ್ಲ ಎನ್ನುವ ಪೈಕಿ. ಯಾರಾದರೂ ಬೇವಿನ ಮರದಲ್ಲಿ ಏನೋ ಕಂಡೆ ಎಂದರೆ "ನಿನ್ನೆ ಊಟಕ್ಕೆ ಏನಿತ್ತು?" ಎಂದು ಕೇಳಿ ಅವರ ಮುಖ ಸಣ್ಣದು ಮಾಡುತ್ತಿದ್ದೆ. ನನ್ನ ಕತೆ ಕೇಳಿ ನೀವು ಅದೇ ಪ್ರಶ್ನೆಯನ್ನು ನನಗೇ ಹಾಕಿದರೆ ಬೇಜಾರಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇಂಥ ಕತೆಗಳೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ. ನನಗಾದದ್ದು ಮಧ್ಯಾಹ್ನ ಮೂರು ಗಂಟೆಗೆ, ಹೊಟ್ಟೆ ತುಂಬ ಮೊಸರನ್ನ ಉಂಡ ಮೇಲೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಇಪ್ಪತ್ತೊಂಬತ್ತು ವರ್ಷ. ಅದಕ್ಕೆ ಹಿಂದಿನ ವರ್ಷ ಪ್ಲೂರಸಿ ಆಗಿ, ಎದೆಯಲ್ಲಿ ನೀರು ತುಂಬಿಕೊಂಡು, ತುಮಕೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು, ಮನೆಯ ಮಂಚದ ಮೇಲೆ ಏಳು ತಿಂಗಳು ಮಲಗಿದ್ದೆ. ಡಾಕ್ಟರು "ಪೂರ್ತಿ ವಾಸಿಯಾಯಿತು, ಇನ್ನು ಓಡಾಡಿ" ಎಂದರು. ಆದರೆ ಮನೆಯಲ್ಲಿ ಅವರಿಗಿಂತ ದೊಡ್ಡ ಡಾಕ್ಟರು ಒಬ್ಬರಿದ್ದರು, ನಮ್ಮ ಅತ್ತೆ. ನಾನು ಬಿಂದಿಗೆ ಮುಟ್ಟಿದರೆ "ಇಡು ಇಡು" ಎನ್ನುವರು, ನಾಲ್ಕು ಮೆಟ್ಟಿಲು ಹತ್ತಿದರೆ "ಕೂತ್ಕೋ ಕೂತ್ಕೋ" ಎನ್ನುವರು. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಉಸಿರು ಕಟ್ಟುವ ಕಾಯಿಲೆಯಿಂದ ಎದ್ದವಳಿಗೆ ಆ ಪ್ರೀತಿಯೂ ಉಸಿರು ಕಟ್ಟಿಸುತ್ತಿತ್ತು.

ಹೀಗಿರುವಾಗ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಹೇಳಿಕಳಿಸಿದರು: ದಸರಾ ರಜ ಮುಗಿದ ಸೋಮವಾರ ಕೆಲಸಕ್ಕೆ ಬಂದರೆ ಸರಿ, ಇಲ್ಲದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ನಾನು ಹೋಗುತ್ತೇನೆ ಎಂದೆ. ಅತ್ತೆ ಸುತರಾಂ ಬೇಡ ಎಂದರು. ನಮ್ಮ ಯಜಮಾನರು ತಾಲ್ಲೂಕು ಕಚೇರಿಯ ಸರ್ವೆ ಸೆಕ್ಷನ್ನಿನಲ್ಲಿ ಗುಮಾಸ್ತರು. ಊರು ಊರಿನ ನಕ್ಷೆಗಳನ್ನು ತಿದ್ದಿ ನಕಲು ಮಾಡುವ ಕೆಲಸ. ಅಮ್ಮನ ಎದುರು ಅಮ್ಮನ ಮಾತಿಗೆ, ನನ್ನ ಎದುರು ನನ್ನ ಮಾತಿಗೆ ತಲೆಯಾಡಿಸಿ ಮನೆಯಲ್ಲಿ ಶಾಂತಿ ಕಾಪಾಡುತ್ತಿದ್ದರು.

ಒಂದು ಸಂಜೆ ಮಾತಿಗೆ ಮಾತು ಬೆಳೆಯಿತು. ಅತ್ತೆಯ ತವರು ಹುಲಿಯೂರುದುರ್ಗದ ಪಕ್ಕದ ಒಂದು ಹಳ್ಳಿ. ಅಲ್ಲಿ ಹಿಂಬೆಟ್ಟ ಎಂದು ಕರೆಯುವ ಒಂದು ಬೆಟ್ಟವಿದೆ. ಅದರ ತಲೆಯ ಮೇಲಿನ ಬಯಲಿನಲ್ಲಿ ಅವರ ತಂದೆ ಹುರುಳಿ ಬೆಳೆಯುತ್ತಿದ್ದರಂತೆ. ಎಂಟು ವರ್ಷದ ಹುಡುಗಿಯಾಗಿದ್ದಾಗ ಅತ್ತೆ ದಿನಾ ಬುತ್ತಿ ಹೊತ್ತು ಹತ್ತುತ್ತಿದ್ದರಂತೆ. ಈ ಕತೆ ನಾನು ನೂರು ಸಲ ಕೇಳಿದ್ದೆ. ಅವತ್ತು ಅದನ್ನೇ ಕೋಲು ಮಾಡಿಕೊಂಡು ನನ್ನ ಮೇಲೆ ಬೀಸಿದರು.

"ಹಿಂಬೆಟ್ಟ ಹತ್ತಿ, ನಿನ್ನ ಕಾಲ ಮೇಲೆ ನೀನೇ ಇಳ್ಕೊಂಡು ಬಾ. ಆಮೇಲೆ ಸ್ಕೂಲಿಗಾದ್ರೂ ಹೋಗು, ದಿಲ್ಲಿಗಾದ್ರೂ ಹೋಗು. ನಾನು ಕಮಕ್ ಕಿಮಕ್ ಅನ್ನಲ್ಲ."

ಅವರು ಮಾತಿಗೆ ಅಂದದ್ದು. ನಾನು ಆಗಲೇ ಒಳಗೆ ಹೋಗಿ ಟ್ರಂಕಿನಿಂದ ಡ್ರಿಲ್ ಕ್ಲಾಸಿನ ಕ್ಯಾನ್ವಾಸ್ ಬೂಟು ತೆಗೆದು ಬಿಸಿಲಿಗಿಟ್ಟೆ.

ಹೊರಡುವ ಹಿಂದಿನ ದಿನ ಅತ್ತೆ ಮೆತ್ತಗಾದರು. ಮಂಡಿ ನೋವಿನಿಂದ ಅವರಂತೂ ಬರುವ ಹಾಗಿರಲಿಲ್ಲ, ಯಜಮಾನರು ರಜ ಹಾಕಿ ನನ್ನ ಜೊತೆ ಹೊರಟಿದ್ದರು. "ದೊಡ್ಡ ದುರ್ಗದ ಕಡೆ ಹೋಗ್ಬೇಡಿ, ರಜ ಅಂದ್ರೆ ಅಲ್ಲಿ ಜನವೋ ಜನ. ಹಿಂಬೆಟ್ಟದ ದಾರೀಲಿ ಒಂದು ನರಪಿಳ್ಳೆ ಇರಲ್ಲ," ಎಂದರು. ನನಗೂ ಬೇಕಾಗಿದ್ದದ್ದು ಅದೇ. ನಾನು ಏದುಸಿರು ಬಿಟ್ಟು ಕೂತರೆ ನೋಡಿ ಅಯ್ಯೋ ಪಾಪ ಎನ್ನುವವರು ಯಾರೂ ಇರಬಾರದಾಗಿತ್ತು. ಆಮೇಲೆ ದಾರಿಯ ಗುರುತು ಹೇಳಿದರು. ದಾರಿ ಕವಲೊಡೆಯುವ ಐದು ಕಡೆ ಐದು ಸೊಪ್ಪಿನ ಕಲ್ಲುಗಳಿವೆ. ಮಂಡಿ ಎತ್ತರದ ಗುಂಡು ಕಲ್ಲು, ತಲೆ ಮೇಲೆ ಬೊಗಸೆಯಷ್ಟು ಗುಳಿ. ಹಾದು ಹೋಗುವವರು ಒಂದೊಂದರ ಮೇಲೂ ಒಂದು ಹಿಡಿ ಹಸಿರು ಸೊಪ್ಪು ಇಟ್ಟು ಹೋಗಬೇಕು, ಅದು ದಾರಿಗೆ ಕೊಡುವ ಮರ್ಯಾದೆ.

"ಮರೀಬೇಡ ಕಣಮ್ಮ. ಹತ್ತೋವಾಗ ಇಟ್ರೆ ಇಳಿಯೋವಾಗ ಅದೇ ದಾರಿ ತೋರಿಸುತ್ತೆ."

"ಕಲ್ಲಿಗೆ ಸೊಪ್ಪು ಹಾಕೋ ಬದಲು ಮೇಕೆಗೆ ಹಾಕಿದ್ರೆ ಹಾಲಾದ್ರೂ ಕೊಡುತ್ತೆ, ಅತ್ತೆ," ಎಂದೆ.

ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಕುಣಿಗಲ್ಲಿನಿಂದ ದುರ್ಗ. ಮೂರು ಬಸ್ಸಿನ ಧೂಳು ಕುಡಿದು ಸಂಜೆಗೆ ಛತ್ರದಲ್ಲಿ ಇಳಿದುಕೊಂಡೆವು. ಅತ್ತೆಯ ಕಡೆಯವರು ಯಾರೂ ಅಲ್ಲಿ ಉಳಿದಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಏಳಕ್ಕೆಲ್ಲ ಹಿಂಬೆಟ್ಟದ ಬುಡದ ಕೆರೆ ಏರಿ ದಾಟಿ ಹತ್ತಲು ಶುರು ಮಾಡಿದೆವು. ಆಕಾಶ ತೊಳೆದಿಟ್ಟ ಹಾಗಿತ್ತು. ತಂಗಡಿ ಹೂ ಬಿಟ್ಟಿತ್ತು, ಬಂಡೆಯ ಸಂದಿಯಲ್ಲಿ ಸೀತಾಫಲ ಹಣ್ಣಾಗಿ ಬಿರಿದಿತ್ತು. ಮನುಷ್ಯರ ಸದ್ದೇ ಇಲ್ಲ. ಮೇಕೆ ಓಡಾಡಿ ಆದ ಸಣ್ಣ ಜಾಡು ಒಂದು ಪೊದೆಗಳ ನಡುವೆ ತಾನೇ ತಾನಾಗಿ ಮೇಲೆ ಹೋಗುತ್ತಿತ್ತು. ಇವರು ಅಮ್ಮನ ಮಾತಿಗೆ ಸೊಪ್ಪಿನ ಕಲ್ಲು ಹುಡುಕಿದ್ದೇ ಹುಡುಕಿದ್ದು. ಒಂದೂ ಸಿಕ್ಕಲಿಲ್ಲ. "ಸಿಕ್ಕೋಕೆ ಇದ್ದರೆ ತಾನೇ?" ಎಂದು ನಾನು ನಕ್ಕೆ. ಅತ್ತೆಯ ಕತೆಯಲ್ಲಿ ಹುಳುಕು ಸಿಕ್ಕಿದ ಖುಷಿಗೆ ನನ್ನ ಕಾಲು ಇನ್ನೂ ಚುರುಕಾಯಿತು.

ನಾಲ್ಕು ಕಡೆ ಕೂತೆ. ಎರಡು ಕಡೆ ಎದೆ ಹಿಡಿದ ಹಾಗಾಗಿ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಸೋತುಬಿಡುತ್ತೇನೋ ಎನ್ನುವ ಹೆದರಿಕೆಗೆ. ಇವರು ಏನೂ ಹೇಳದೆ ಪಕ್ಕದಲ್ಲಿ ಕೂತು ಸೀತಾಫಲದ ಬೀಜ ಉಗಿಯುತ್ತಿದ್ದರು. ಸದ್ಯ, ಆ ಹೊತ್ತಿಗೆ ಬೇಕಾದದ್ದು ಅಂಥ ಗಂಡನೇ. ಹನ್ನೊಂದೂವರೆಗೆ ಬೆಟ್ಟದ ತಲೆ ಮುಟ್ಟಿದೆವು. ಅತ್ತೆಯ ಅಪ್ಪನ ಹುರುಳಿ ಹೊಲ ಈಗ ಬರೀ ಹುಲ್ಲು. ಕೆಳಗೆ ಕೆರೆಗಳು, ತೆನೆ ಬಿಟ್ಟ ರಾಗಿ ಹೊಲಗಳು, ಕುಣಿಗಲ್ ಕಡೆಗೆ ತೆಂಗಿನ ತೋಟಗಳು, ಎದುರಿಗೆ ದುರ್ಗದ ದೊಡ್ಡ ಬಂಡೆ. ನಾನು ಗಾಳಿಗೆ ಮುಖ ಕೊಟ್ಟು ನಿಂತು ಒಂದೇ ಉಸಿರಿನಲ್ಲಿ ಹದಿನೇಳರ ಮಗ್ಗಿ ಕೂಗಿದೆ. ಹದಿನೇಳು ಹತ್ತಲ ನೂರ ಎಪ್ಪತ್ತು ಎನ್ನುವ ತನಕ ಉಸಿರು ಸಾಕಾಯಿತು! ಒಂಬತ್ತು ತಿಂಗಳು ಮಂಚದ ಮೇಲೆ ಕೆಮ್ಮಿದ ಎದೆ ಅದು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಯಜಮಾನರು ಓದಿದರೂ ಚಿಂತೆಯಿಲ್ಲ.

ಬುತ್ತಿ ಉಂಡು, ಹುಲ್ಲಿನ ಮೇಲೆ ಒಂದಷ್ಟು ಹೊತ್ತು ಉರುಳಿ ಏಳುವಷ್ಟರಲ್ಲಿ ಮೂಡಲಿಂದ ಮೋಡ ಕವಿದುಕೊಂಡಿತ್ತು. ನೋಡ ನೋಡುತ್ತಿದ್ದಂತೆ ಅದು ಬೆಟ್ಟದ ಮೇಲೇ ಇಳಿಯಿತು. ಹತ್ತು ಮಾರು ಆಚೆ ಏನೂ ಕಾಣದು. ಸಣ್ಣಗೆ ತುಂತುರು. ಬಂದ ಜಾಡು ಎತ್ತ ಎಂದು ತಿಳಿಯಲಿಲ್ಲ. ಆಗ ಇವರು ಹುಲ್ಲಿನಲ್ಲಿ ನೆಟ್ಟಿದ್ದ ಒಂದು ಚೌಕದ ಕಲ್ಲನ್ನು ಕಂಡು, ನೆಂಟರನ್ನು ಕಂಡವರ ಹಾಗೆ ಅರಳಿದರು.

"ಬಾಂದು ಕಲ್ಲು ಕಣೇ! ಊರಿನ ಗಡಿಗೆ ಸರ್ವೆಯವರು ನೆಟ್ಟಿರೋದು. ಒಂದು ಬಾಂದಿಂದ ಇನ್ನೊಂದಕ್ಕೆ ನೇರ ಗೆರೆ. ಇದೇ ಹಿಡ್ಕೊಂಡು ಹೋದ್ರೆ ಊರು ಮುಟ್ಟಲೇಬೇಕು."

"ರೀ, ನಡುವೆ ಏನಿದೆ ಅಂತ ನಿಮ್ಮ ಗೆರೆಗೆ ಗೊತ್ತಾ?"

"ಸರ್ಕಾರದ ಕಲ್ಲು ಸುಳ್ಳು ಹೇಳಲ್ಲ, ಬಾ."

ಹನ್ನೆರಡು ವರ್ಷ ಕಾಗದದ ಮೇಲೆ ಬೆಟ್ಟ ಹತ್ತಿ ಇಳಿದ ಮನುಷ್ಯ. ಎರಡನೆಯ ಬಾಂದು ಸಿಕ್ಕಿತು, ಮೂರನೆಯದೂ ಸಿಕ್ಕಿತು. ನಾಲ್ಕನೆಯದರ ಕಡೆಗೆ ನೇರ ನಡೆದರೆ ಕಾಲ ಕೆಳಗೆ ಬಂಡೆಯೇ ಮುಗಿದುಹೋಗಿತ್ತು. ಗೆರೆ ಗಾಳಿಯಲ್ಲಿ ಮುಂದೆ ಹೋಗಿರಬೇಕು. ಇವರು ಒದ್ದೆ ಪಾಚಿಯ ಮೇಲೆ ಜಾರಿ ಒಂದು ಆಳಿನಷ್ಟು ಕೆಳಗೆ, ಪುಣ್ಯಕ್ಕೆ ಒಂದು ಪೊದೆಯ ಮೇಲೆ, ಬಿದ್ದರು. ನಾನು ಸೆರಗು ಬಿಗಿದು ಇಳಿದು ಪೊದೆಯಿಂದ ಈಚೆಗೆ ಎಳೆದುಕೊಂಡೆ. ಬಲಗಾಲಿನ ಹರಡು ಆಗಲೇ ಊದಿತ್ತು. ಊರುವುದಕ್ಕೇ ಆಗುತ್ತಿರಲಿಲ್ಲ. ಗಡಿಯಾರ ನೋಡಿದೆ, ಮೂರಾಗಿತ್ತು.

"ನೀನು ಹೋಗಿ ಯಾರನ್ನಾದ್ರೂ ಕರ್ಕೊಂಡು ಬಾ," ಎಂದರು. ಹೋದರೆ ಆ ಮಂಜಿನಲ್ಲಿ ಇವರನ್ನು ಮತ್ತೆ ಹುಡುಕುವುದು ಹೇಗೆ? ಕತ್ತಲಾದರೆ ಚಿರತೆ ಓಡಾಡುವ ಜಾಗ ಅದು. ನನಗೆ ನಿಜವಾಗಿ ಭಯವಾಯಿತು. ಎದೆಯಲ್ಲಿ ಹಳೆಯ ಬಿಗಿತ ಕಾಣಿಸಿಕೊಂಡಿತು. ಆದರೆ ಬೇರೆ ಉಪಾಯ ಇರಲಿಲ್ಲ. ಇವರ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು ಎದ್ದು ನಿಂತೆ. ನಮ್ಮ ಯಜಮಾನರು ತೂಕದ ಆಸಾಮಿ. ಹೆಗಲು ಕುಸಿದ ಹಾಗಾಯಿತು. ಬಂಡೆಯ ಅಂಚು ಬಿಟ್ಟು ಎಡಕ್ಕೆ ತಿರುಗಿ ಹತ್ತಿಪ್ಪತ್ತು ಹೆಜ್ಜೆ ಇಟ್ಟಿರಬಹುದು.

ಎದುರಿಗೆ ಒಂದು ಗುಂಡು ಕಲ್ಲು. ಮಂಡಿ ಎತ್ತರ, ತಲೆಯ ಮೇಲೆ ಗುಳಿ. ಗುಳಿಯಲ್ಲಿ ಒಂದು ಹಿಡಿ ಹೊಂಗೆ ಸೊಪ್ಪು. ಎಳೆಯ ಸೊಪ್ಪು, ಮಿರ ಮಿರ ಮಿಂಚುವುದು. ತೊಟ್ಟು ಮುರಿದ ಕಡೆ ಇನ್ನೂ ಹಸಿಯಾಗಿತ್ತು.

"ಅಮ್ಮ ಹೇಳಿದ ಕಲ್ಲು," ಎಂದರು ಇವರು. ಯಾರೋ ಈಗ ತಾನೆ ಈ ದಾರಿಯಲ್ಲಿ ಹೋಗಿದ್ದಾರೆ, ಕೂಗಿದರೆ ಸಿಕ್ಕಾರು ಎಂದು ಲೆಕ್ಕ ಹಾಕಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಯಾರೂ ಓಗೊಡಲಿಲ್ಲ. ಆದರೆ ಕಲ್ಲಿನ ಪಕ್ಕದಿಂದ ಒಂದು ದಾರಿ ಕೆಳಗೆ ಇಳಿಯುತ್ತಿತ್ತು, ಅದಂತೂ ಕಣ್ಣಿಗೆ ಕಾಣುವ ನಿಜ. ಹಿಡಿದು ಹೊರಟೆವು.

ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು. ನಾನು ಮಗ್ಗಿ ಹೇಳಿಕೊಂಡು ಹೆಜ್ಜೆ ಹಾಕಿದೆ. ಹದಿನೇಳಾಯಿತು, ಹದಿನೆಂಟಾಯಿತು, ಹತ್ತೊಂಬತ್ತಾಯಿತು. ದಾರಿ ಕವಲಾಗಿ ಎತ್ತ ಹೋಗಲಿ ಎಂದು ನಿಂತಾಗಲೆಲ್ಲ, ಒಂದು ಕವಲಿನ ಬಾಯಲ್ಲಿ ಮತ್ತೊಂದು ಕಲ್ಲು, ಮೇಲೆ ಒಂದು ಹಿಡಿ ಹೊಂಗೆ. ಎರಡು, ಮೂರು, ನಾಲ್ಕು. ಒಂದು ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಬೆಳಿಗ್ಗೆಯಿಂದ ಆ ಬೆಟ್ಟದಲ್ಲಿ ನಾನು ಒಂದು ಹೊಂಗೆ ಮರವನ್ನೂ ನೋಡಿರಲಿಲ್ಲ.

ಐದನೆಯ ಕಲ್ಲಿನ ಹತ್ತಿರ ಇವರು "ಇನ್ನಾಗಲ್ಲ ಕಣೇ" ಎಂದು ಕೂತುಬಿಟ್ಟರು. ಕಾಲು ಕುಂಬಳಕಾಯಿಯಾಗಿತ್ತು. ಊತಕ್ಕೆ ಹೊಂಗೆ ಸೊಪ್ಪು ಒಳ್ಳೆಯದು ಎಂದು ಕೇಳಿದ್ದೆ. ಕಲ್ಲಿನ ಮೇಲಿದ್ದ ಸೊಪ್ಪನ್ನು ಎತ್ತಿಕೊಂಡೆ.

"ಬೇಡ ಕಣೇ, ದಾರಿಗೆ ಇಟ್ಟಿರೋದು!"

"ದಾರಿಗೇನು ಕಾಲು ಉಳುಕಿದ್ಯಾ? ಕಾಲು ನೀಡಿ ಇತ್ತ."

ಸೀರೆಯ ನೀಲಿ ಅಂಚನ್ನು ಹರಿದು, ಸೊಪ್ಪನ್ನು ಹರಡಿಗೆ ಒತ್ತಿ ಬಿಗಿಯಾಗಿ ಕಟ್ಟಿದೆ. ಅಲ್ಲಿಂದ ಕಾಲು ಗಂಟೆ ನಡೆದಿರಬಹುದು. ಮಂಜು ಹರಿದು, ಕೆಳಗೆ ಕೆರೆಯ ನೀರು ಕಂಡಿತು. ಎತ್ತಿನ ಕೊರಳ ಗಂಟೆ ಕೇಳಿಸಿತು. ನನಗೆ ಅಳು ಬಂತು. ನಾಚಿಕೆ ಇಲ್ಲದೆ ಜೋರಾಗಿಯೇ ಅತ್ತುಬಿಟ್ಟೆ. ರೋಗಿ ಎಂದು ಮಂಚದ ಮೇಲಿಟ್ಟಿದ್ದ ಹೆಂಗಸು ಗಂಡನನ್ನು ಹೊತ್ತು ಬೆಟ್ಟ ಇಳಿಸಿದ್ದಳು!

ಕೆರೆಯ ಮೆಟ್ಟಿಲಿನಲ್ಲಿ ಒಬ್ಬ ವಯಸ್ಸಾದ ರೈತರು ಎತ್ತು ತೊಳೆಯುತ್ತಿದ್ದರು. ಇವರನ್ನು ಕೂರಿಸಿ, ನಾನೂ ಮೆಟ್ಟಿಲ ಪಕ್ಕದ ಒಂದು ಕಲ್ಲಿನ ಮೇಲೆ ಕುಸಿದೆ. ಅವರು ಬಂದು ನಮ್ಮ ಸ್ಥಿತಿ ನೋಡಿ, "ಯಾವ ಕಡೆಯಿಂದ ಇಳುದ್ರಿ ತಾಯಿ, ಈ ಮಂಜಲ್ಲಿ?" ಎಂದು ಕೇಳಿದರು. ಸೊಪ್ಪಿನ ಕಲ್ಲಿನ ದಾರಿ ಹಿಡಿದು ಬಂದೆವು ಎಂದೆ.

ಅವರು ನನ್ನನ್ನೇ ನೋಡಿದರು. "ಸೊಪ್ಪಿನ ಕಲ್ಲು ಈಗ ಎಲ್ಲವೆ ಬುಡಿ ಅವ್ವ. ಆ ದಾರೀಲಿ ಯಾರೂ ಓಡಾಡಾಕಿಲ್ಲ ಅಂತ, ಈ ಮೆಟ್ಲು ಕಟ್ಟೋವಾಗ ಐದನ್ನೂ ಉರುಳಿಸ್ಕೊಂಡು ಬಂದು ಇಲ್ಲೇ ಹಾಕುದ್ವಿ. ಆರೇಳು ವರ್ಸ ಆಯ್ತು. ನೀವು ಕುಂತಿರೋದೇ ಅದ್ರಾಗೆ ಒಂದು."

ನಾನು ಎದ್ದು ನೋಡಿದೆ. ಗುಂಡು ಕಲ್ಲು, ತಲೆಯ ಮೇಲೆ ಬೊಗಸೆಯಷ್ಟು ಗುಳಿ. ಗುಳಿಯಲ್ಲಿ ಮಳೆಯ ನೀರು ನಿಂತಿತ್ತು. ಪಕ್ಕದಲ್ಲಿ ಮತ್ತೆರಡು, ಇನ್ನೆರಡು ಮುಕ್ಕಾಲು ಪಾಲು ನೀರಿನಲ್ಲಿ ಮುಳುಗಿ ಪಾಚಿಗಟ್ಟಿದ್ದವು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಆ ರೈತರು ಗಾಡಿ ಕಟ್ಟಿ ನಮ್ಮನ್ನು ಛತ್ರಕ್ಕೆ ಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ, ಇವರು ಇನ್ನೂ ಮಲಗಿದ್ದಾಗ, ನಾನೊಬ್ಬಳೇ ಮತ್ತೆ ಬೆಟ್ಟಕ್ಕೆ ಹೋದೆ. ಲೆಕ್ಕದವಳಿಗೆ ತಾಳೆ ನೋಡದೆ ನಿದ್ದೆ ಬರುವುದಿಲ್ಲ. ಆಕಾಶ ತಿಳಿಯಾಗಿತ್ತು. ಐದನೆಯ ಕಲ್ಲಿನ ಹತ್ತಿರ ಇವರು ಕೂತ ಜಾಗ ಸುಲಭವಾಗಿ ಸಿಕ್ಕಿತು. ಅಲ್ಲಿನ ಮುಳ್ಳಿಗೆ ನನ್ನ ಸೀರೆಯ ನೀಲಿ ನೂಲು ಸಿಕ್ಕಿಕೊಂಡಿತ್ತು. ಅದರ ಪಕ್ಕ, ಕಲ್ಲು ಇರಬೇಕಾಗಿದ್ದ ಕಡೆ, ಹಳೆಯ ಗುಂಡಿಯೊಂದು, ಅದರ ತುಂಬ ಹುಲ್ಲು. ಸುತ್ತ ಎಲ್ಲೂ ಹೊಂಗೆ ಇಲ್ಲ.

ಇನ್ನು ನಿಮಗೆ ಗುಬ್ಬಿಯ ವಿಷಯ ಹೇಳಬೇಕು. ಅದರ ಮಾರನೆಯ ದಿನ ಇವರು ನನ್ನ ಹೆಗಲ ಮೇಲೆ ತೋಳಿಟ್ಟು ಕುಂಟುತ್ತ ಒಳಗೆ ಬಂದದ್ದು ನೋಡಿ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿದರು. "ಕಳಿಸಿದ್ದು ರೋಗೀನ, ಬಂದದ್ದು ಇನ್ನೊಂದು ರೋಗಿ," ಎಂದು ನಗುವುದಕ್ಕೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಅವರೂ ಹಿಂದೆಯೇ ಬಂದರು.

ಹಿತ್ತಲಿನ ಹೊಂಗೆ ಮರದ ಕೆಳಗೆ ನಮ್ಮ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಬಾಡಿದ ಹೊಂಗೆ ಸೊಪ್ಪು, ಹಿಡಿ ಹಿಡಿಯಾಗಿ, ಸಾಲಾಗಿ ಇಟ್ಟಿತ್ತು.

"ಇದೇನು ಅತ್ತೆ?"

"ಮೊನ್ನೆ ಮಧ್ಯಾಹ್ನ ಇಟ್ಟೆ. ನನ್ನ ಮಗ ಮರೀತಾನೆ, ನೀನು ಹಟಕ್ಕೆ ಇಡಲ್ಲ. ಗೊತ್ತಿತ್ತು ಕಣಮ್ಮ. ಮಂಡಿ ಸರಿ ಇದ್ದಿದ್ರೆ ನಿನ್ನ ಜೊತೆ ನಾನೇ ಬರ್ತಿದ್ದೆ. ಆ ಐದು ಕಲ್ಲು ಅಂದ್ಕೊಂಡು ಇಲ್ಲೇ ಐದು ಹಿಡಿ ಇಟ್ಟೆ." ಆಮೇಲೆ ಕಲ್ಲಿನ ಕಡೆ ನೋಡಿ ಹೇಳಿದರು: "ಐದು ಇಟ್ಟಿದ್ದೆ, ನಾಲ್ಕೇ ಇವೆ ನೋಡು. ಅವತ್ತು ಸಂಜೆ ದೀಪ ಹಚ್ಚೋಕೆ ಮೊದ್ಲೇ ಒಂದು ಇರಲಿಲ್ಲ. ಯಾವ್ದೋ ಮೇಕೆ ಎಳ್ಕೊಂಡು ಹೋಗಿರ್ಬೇಕು, ಬಿಡು."

ನಾನು ಕಲ್ಲಿನ ಮೇಲಿದ್ದದ್ದನ್ನು ಎಣಿಸಿದೆ. ಮತ್ತೆ ಎಣಿಸಿದೆ. ಒಳಗೆ ಮಂಚದ ಮೇಲೆ ಇವರು ಕಾಲು ಚಾಚಿ ಕೂತಿದ್ದರು. ಹರಡಿಗೆ ನನ್ನ ಸೀರೆಯ ನೀಲಿ ಅಂಚು ಇನ್ನೂ ಕಟ್ಟಿಯೇ ಇತ್ತು. ಬಿಚ್ಚಿದೆ. ಹೊಂಗೆ ಸೊಪ್ಪು ಬಾಡಿ ಚರ್ಮಕ್ಕೆ ಅಂಟಿಕೊಂಡಿತ್ತು. ಅತ್ತೆಯನ್ನು ಕೂರಿಸಿಕೊಂಡು ನಡೆದದ್ದೆಲ್ಲ ಮೊದಲಿನಿಂದ ಕೊನೆಯ ತನಕ ಹೇಳಿದೆ. ಕಲ್ಲು, ಕೆರೆ, ಗುಂಡಿ, ಏನೂ ಬಿಡಲಿಲ್ಲ. ಕೊನೆಗೆ ಅವರು ಒಂದೇ ಮಾತು ಕೇಳಿದರು.

"ಊತ ಇಳೀತಾ?"

ಇಳಿದಿತ್ತು. ಸೋಮವಾರ ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಾಗ ಅತ್ತೆ ಆಡಿದ ಮಾತಿನಂತೆ ಕಮಕ್ ಕಿಮಕ್ ಅನ್ನಲಿಲ್ಲ. ಬುತ್ತಿಯ ಡಬ್ಬಿ ಕೈಗಿಟ್ಟು, ಬೀದಿ ತಿರುವಿನ ತನಕ ನನ್ನನ್ನೇ ನೋಡುತ್ತ ನಿಂತಿದ್ದರು. ನಾನು ಓಡಿದೆ. ಬೇಕೆಂದೇ, ಅವರಿಗೆ ಕಾಣುವ ಹಾಗೆ, ಸ್ಕೂಲಿನ ಗೇಟಿನ ತನಕ ಓಡಿದೆ.

ಆಮೇಲೆ ಬಹಳ ವರ್ಷ ಲೆಕ್ಕ ಹೇಳಿಕೊಟ್ಟೆ, ರಜ ಬಂದಾಗಲೆಲ್ಲ ಜನವಿಲ್ಲದ ಬೆಟ್ಟದ ದಾರಿಗಳನ್ನು ಹುಡುಕಿಕೊಂಡು ಹೋದೆ. ಮಂಜು ಕವಿದು ಇಬ್ಬರಿಗೂ ಭ್ರಮೆಯಾಗಿರಬಹುದು, ಯಾರೋ ದನ ಕಾಯುವವರು ಸೊಪ್ಪು ಬಿಸಾಡಿರಬಹುದು, ಗುಬ್ಬಿಯಲ್ಲಿ ಮೇಕೆಯೇ ತಿಂದಿರಬಹುದು. ಒಂದೊಂದಕ್ಕೂ ನನ್ನ ಹತ್ತಿರ ಒಂದೊಂದು ಉತ್ತರವಿದೆ, ಎಲ್ಲವನ್ನೂ ಕೂಡಿಸಿದರೆ ಮಾತ್ರ ಲೆಕ್ಕ ಹೊಂದುವುದಿಲ್ಲ. ಐದರಲ್ಲಿ ಒಂದು ಕಳೆದರೆ ನಾಲ್ಕು. ಆ ನಾಲ್ಕನ್ನು ನಮ್ಮ ಹಿತ್ತಲಿನಲ್ಲಿ ಕಣ್ಣಾರೆ ಕಂಡೆ. ಕಳೆದ ಆ ಒಂದನ್ನು, ಅಲ್ಲಿಗೆ ಸುಮಾರು ಐವತ್ತು ಮೈಲಿ ದೂರದ ಬೆಟ್ಟದಲ್ಲಿ, ನನ್ನ ಕೈಯಾರೆ ಗಂಡನ ಕಾಲಿಗೆ ಕಟ್ಟಿದ್ದೆ.